ಪಿವಿಸಿ ಪೈಪಿನ ಗೋಡೌನಿಗೆ ಹುಬ್ಬಳ್ಳಿ ಛಲೋನೋ, ಹಾವೇರಿನೋ?

ಹನಿ_ನೀರಾವರಿ:
ಪಿವಿಸಿ ಪೈಪು, ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ ಸಣ್ಣ ಪೈಪು) ಸ್ಟಾಕ್ ಮಾಡಾಕ ಗೋಡೌನ್ ಹುಡುಕಾಕತ್ತೀವ್ರಿ. ಮಾಲು ಪುಣೆ ಕಡೆಯಿಂದ ಬರ್ತೈತಿ. ಗಿರಾಕಿಗಳು ಗದಗ, ಕೊಪ್ಪಳ, ಹಾವೇರಿ, ನವಲಗುಂದ, ಬೆಳಗಾವಿಯ ಡೀಲರ್‌ಗಳು. ಹುಬ್ಬಳ್ಳಿಯ ತಾರಿಹಾಳದ ಕಡೆ ಗೋಡೌನ್ ಬಾಡಿಗಿ ಹಾವೇರಿಗಿಂತ ಜಾಸ್ತಿ ಹೇಳ್ತಾರ. ನಡುವಿನ ಊರು ಅಂತ ಅಷ್ಟು ಕೊಡೂದು ಲಾಭ ಐತೇನ್ರಿ?

ಲಾರಿ_ಲೆಕ್ಕ:
ಬರೋ ಮಾಲಿಗೆ ನಡುವಿನ ಊರಿನಿಂದ ದೊಡ್ಡ ಲಾಭ ಏನೂ ಇಲ್ಲರಿ. ಫುಲ್ ಲಾರಿ ಪುಣೆಯಿಂದ ಹುಬ್ಬಳ್ಳಿಗೆ ಬಂದ್ರೂ, 75 ಕಿ.ಮೀ. ಮುಂದ ಹಾವೇರಿಗೆ ಹೋದ್ರೂ ಅದ ಎನ್‌ಎಚ್ 48. ಲಾರಿ ಬಾಡಿಗಿಯೊಳಗ ವ್ಯತ್ಯಾಸ ಸಣ್ಣದು. ರೊಕ್ಕ ಉಳಿಯೂದು ಹೊರಗ ಹೋಗೋ ಸಣ್ಣ ಲೋಡಿನಾಗ. ಹುಬ್ಬಳ್ಳಿಯಿಂದ ಗದಗ-ಕೊಪ್ಪಳಕ್ಕ ಎನ್‌ಎಚ್ 67, ನವಲಗುಂದ-ವಿಜಯಪುರಕ್ಕ ಎನ್‌ಎಚ್ 52, ಬೆಳಗಾವಿಗೂ ಹಾವೇರಿಗೂ 48. ಒಂದು ಗಾಡಿ ಬೆಳಿಗ್ಗೆ ಬಿಟ್ರ ಗದಗ ಮುಗಿಸಿ ಸಂಜಿಗೆ ವಾಪಸ್.

ಆದ್ರ ಮೊದಲು ಹೋದ ವರ್ಷದ ಬಿಲ್ಲುಗಳನ್ನ ದಿಕ್ಕಿನ ಪ್ರಕಾರ ಬ್ಯಾರೆ ಮಾಡ್ರಿ. ಮುಕ್ಕಾಲು ಮಾಲು ಹಾವೇರಿ-ರಾಣೆಬೆನ್ನೂರಿಗೇ ಹೋಗ್ತಿದ್ರ ಹುಬ್ಬಳ್ಳಿ ಬಾಡಿಗಿ ಸುಮ್ನ ದಂಡ.

ಪೈಪಿನವರು ಎಡವೂದು ಗಾಡಿ ಉದ್ದದಾಗ. ಪೈಪು 6 ಮೀಟರ್. 14 ಅಡಿ ಗಾಡಿ ಅಂದ್ರ 4.3 ಮೀಟರ್ ಕೂಡ ಇಲ್ಲ, ಹಿಂದ ಚಾಚಿದ್ರ ಪೊಲೀಸ್ ದಂಡ. 20 ಅಡಿದಾಗ ಬಿಗಿಯಾಗಿ ಕೂಡ್ತಾವ, 22 ಅಡಿ ಇದ್ರ ಛಲೋ. ಅಷ್ಟು ಉದ್ದದ ಗಾಡಿ ಗೋಡೌನ್ ಮುಂದ ಹೊರಳಬೇಕು, ಅದನ್ನ ಜಾಗ ನೋಡೋ ದಿನಾನ ಗಾಡಿ ತಗೊಂಡು ಹೋಗಿ ನೋಡ್ರಿ. ಸಣ್ಣ ಪೈಪನ್ನ ದೊಡ್ಡ ಪೈಪಿನೊಳಗ ತೂರಿಸಿ ಹೇರಿದ್ರ ಜಾಗ ಉಳಿತೈತಿ. ಈ ಮಾಲಿಗೆ ತೂಕಕ್ಕಿಂತ ಮೊದಲು ಗಾಡಿ ತುಂಬತೈತಿ. ಟನ್ ಲೆಕ್ಕದ ಬಾಡಿಗಿ ಮಾತಾಡಬ್ಯಾಡ್ರಿ, ಗಾಡಿ ಲೆಕ್ಕ ಮಾತಾಡ್ರಿ.

ಬಿಲ್_ಬುಕ್:
ಮೇಲಿನ ಮಾತಿಗೆ ಇ-ವೇ ಬಿಲ್ (ಮಾಲು ಸಾಗಿಸಾಕ ಜಿಎಸ್‌ಟಿಯ ಆನ್‌ಲೈನ್ ಬಿಲ್) ಸೇರಿಸ್ರಿ. 50,000 ರೂಪಾಯಿ ದಾಟಿದ ಮಾಲಿಗೆ ಬೇಕು. ಅದರ ಅವಧಿ 200 ಕಿ.ಮೀ. ತನಕ ಒಂದು ದಿನ, ಮುಂದ ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕ ಇನ್ನೊಂದು ದಿನ. ಅವಧಿ ಎಣಿಸೂದು ಪಾರ್ಟ್-ಬಿ, ಅಂದ್ರ ಗಾಡಿ ನಂಬರಿನ ಭಾಗ, ತುಂಬಿದ ಮ್ಯಾಲೆ. ಟ್ರಾನ್ಸ್‌ಪೋರ್ಟ್‌ನವ್ರು ಬ್ಯಾರೆಯವರ ಮಾಲೂ ಸೇರಿ ಗಾಡಿ ತುಂಬಲಿ ಅಂತ ಎರಡು ದಿನ ಇಟ್ಕೊಂಡ್ರ, ನೀವು ಮೊದಲೇ ಪಾರ್ಟ್-ಬಿ ತುಂಬಿದ್ರ ಬಿಲ್ ಅಲ್ಲೇ ಸತ್ತು ಹೋಗ್ತದ. ರಾಜ್ಯದೊಳಗ ನಿಮ್ಮ ಗೋಡೌನಿನಿಂದ ಟ್ರಾನ್ಸ್‌ಪೋರ್ಟ್ ಆಫೀಸಿಗೆ 50 ಕಿ.ಮೀ. ಒಳಗಿದ್ರ ಅಲ್ಲೀತನಕ ಪಾರ್ಟ್-ಬಿ ಬೇಡ. ಗಾಡಿ ಹೊರಡುವಾಗ ಅವರೇ ತುಂಬಲಿ.

ಕಾಳಿ_ತೀರ:
ಕರಾವಳಿ ಡೀಲರ್ ಹಿಡಿಯುವ ಯೋಚನೆ ಇದ್ದರೆ ಮಳೆಗಾಲದ ಲೆಕ್ಕ ಬೇರೆ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಕರಾವಳಿಯ ಸ್ಟಾಕನ್ನು ಮೇ ಕೊನೆಯೊಳಗೇ ಇಳಿಸಿಬಿಡಿ.

ಇನ್ನು ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ರೈಲಿನಲ್ಲಿ ತರಿಸೋಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೈಪು ಪಾರ್ಸೆಲ್ ಮಾಲಲ್ಲ. ಫಿಟ್ಟಿಂಗ್ಸ್ ಡಬ್ಬಿಗಳನ್ನು ಕಳಿಸಬಹುದು, ಅದೂ ಹುಬ್ಬಳ್ಳಿಯಿಂದಲೇ ಹೊರಡುವ ಗಾಡಿಗೆ. ನಡುವೆ ಕೆಲವೇ ನಿಮಿಷ ನಿಲ್ಲುವ ಗಾಡಿಗೆ ಬುಕ್ ಮಾಡಿದರೆ ಡಬ್ಬಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.

ಲಾರಿ_ಲೆಕ್ಕ:
ಹಾಂ, ಇನ್ನೊಂದು. ಬ್ಯಾಡಗಿ ಮೆಣಸಿನಕಾಯಿ ಹಂಗಾಮಿನಾಗ, ಜನವರಿಯಿಂದ ಮಾರ್ಚ್ ತನಕ, ಹಾವೇರಿ ಕಡೆ ಖಾಲಿ ಲಾರಿ ಸಿಗೂದು ಕಷ್ಟ. ಹಾವೇರಿದಾಗ ಗೋಡೌನ್ ಮಾಡಿದ್ರ ಆ ಮೂರು ತಿಂಗಳಿಗೆ ಒಂದು ಗಾಡಿ ತಿಂಗಳ ಬಾಡಿಗಿ ಮ್ಯಾಲೆ ಮೊದಲ ಹಿಡದಿಡ್ರಿ.