ಹೊಳೆ ದಂಡೆಯಲ್ಲಿ ತೂತಿರುವ ಕಲ್ಲು ಸಿಕ್ಕಿದೆ, ಬಲೆಗುಂಡಾ? ಅನುಭವ ಇದ್ದವರು ಹೇಳಿ

ಹೊಳೆಸಾಲು: ತುಂಗಭದ್ರಾ ಹಿನ್ನೀರು ಇಳಿದಿತ್ತು. ಶಿಲಾಯುಗದ ಚಕಮಕಿ ಚೂರು ಹುಡುಕುತ್ತಾ ಹೋದವನಿಗೆ ನಡುವೆ ತೂತಿರುವ ದುಂಡುಕಲ್ಲು ಸಿಕ್ಕಿತು. 410 ಗ್ರಾಂ ಇದೆ. ತೂತು ಎರಡೂ ಕಡೆಯಿಂದ ಕೊರೆದದ್ದು, ನಡುವೆ ಕಿರಿದು. ಹಳೆ ಕಾಲದ ಬಲೆಗುಂಡಾ, ಅಂದರೆ ಮೀನಿನ ಬಲೆ ಮುಳುಗಲಿ ಅಂತ ಕಟ್ಟುವ ಭಾರವಾ? ಯಾರಿಗೆ ತೋರಿಸಲಿ?

ಕಲ್ಲಿನಜಾಡು: ನನ್ನ ಕತೆ ಕೇಳಿ. ಆರು ವರ್ಷದ ಹಿಂದೆ ನನಗೆ ಇಂಥವೇ ಮೂರು ಸಿಕ್ಕಿದ್ದವು. ಖುಷಿಯಲ್ಲಿ ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದು ಹುಣಸೆಹಣ್ಣು ಹಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ ಫಳಫಳ ಮಾಡಿದೆ. ಆಮೇಲೆ ಎರಡು ದಿನ ರಜೆ ಹಾಕಿ, ಬೈಕಿನಲ್ಲಿ 180 ಕಿಲೋಮೀಟರ್ ಹೋಗಿ ಒಂದು ಕಚೇರಿಯಲ್ಲಿ ತೋರಿಸಿದೆ. ಪೆಟ್ರೋಲು, ಊಟ, ರೂಮು ಸೇರಿ 2,350 ರೂಪಾಯಿ. ಅವರು ಕೇಳಿದ್ದು ಒಂದೇ ಮಾತು: ಸರಿಯಾಗಿ ಎಲ್ಲಿ ಬಿದ್ದಿತ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ. ತೂತಿನೊಳಗಿನ ಮಣ್ಣನ್ನೂ ನಾನೇ ತೊಳೆದುಬಿಟ್ಟಿದ್ದೆ. ಇವತ್ತಿಗೂ ಆ ಮೂರು ಕಲ್ಲು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಬಲೆಗುಂಡೇ, ಅನುಮಾನ ಬೇಡ.

ಮುಟ್ಟದೆನೋಡು: ನಾನು ಒಂದನ್ನೂ ಎತ್ತಿಲ್ಲ, ಅದು ನನಗೆ ಹೆಮ್ಮೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಜಾಗ ಗುರುತು ಹಾಕಿಕೊಂಡು ಬರುತ್ತೇನೆ. ಒಂದೇ ದಂಡೆಗೆ 14 ಸಲ ಹೋಗಿದ್ದೇನೆ. ಒಂಬತ್ತನೇ ಸಲ ಫೋನು ನೀರಿಗೆ ಬಿತ್ತು, 17,500 ರೂಪಾಯಿ ಹೋಯಿತು. ಹದಿನೈದನೇ ಸಲ ಹೋದರೆ ದಂಡೆಯೇ ಇಲ್ಲ! ಮರಳಿನ ಟ್ರ್ಯಾಕ್ಟರುಗಳು ಪೂರ್ತಿ ತೋಡಿಕೊಂಡು ಹೋಗಿದ್ದವು. ಎತ್ತಿಡಬೇಕಿತ್ತು ಅಂತ ಮನೆಯವರು ಅಂದರು. ನಾನು ಈಗಲೂ ಒಪ್ಪಲ್ಲ. ಇನ್ನು, ಬಲೆಗುಂಡೇ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ? ಹಳ್ಳೂರು ಹೊಳೆ ಪಕ್ಕದ ಊರೇ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಈ ಕಡೆಯ ನವಶಿಲಾಯುಗದ ಜನ ದನ ಸಾಕಿದವರು, ಹುರುಳಿ ಬೆಳೆದವರು. ನೆಲ ಅಗೆಯುವ ಕೋಲಿಗೆ ಭಾರಕ್ಕೆ ಇಂಥ ಕಲ್ಲು ಸಿಕ್ಕಿಸುತ್ತಿದ್ದರು ಅಂತ ಎಷ್ಟೋ ವಿದ್ವಾಂಸರು ಹೇಳುತ್ತಾರೆ.

ಕಲ್ಲಿನಜಾಡು: ಹೊಳೆ ಪಕ್ಕ ಇದ್ದವರು ಮೀನು ತಿನ್ನದೇ ಇದ್ದರಾ? ಮೊಹೆಂಜೊದಾರೊದಲ್ಲಿ ತಾಮ್ರದ ಗಾಳ ಸಿಕ್ಕಿದೆ. ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದವರು ಮೂಳೆಯಲ್ಲಿ ಮೀನು ಚುಚ್ಚುವ ಈಟಿ ಮಾಡಿದ್ದರು. ಮೀನಿನ ಮುಳ್ಳು ಸಣ್ಣದು ಸ್ವಾಮಿ, ಮಣ್ಣನ್ನು ಸಣ್ಣ ಕಣ್ಣಿನ ಜರಡಿ ಹಿಡಿಯದಿದ್ದರೆ ಸಿಗಲ್ಲ. ಸಿಗಲಿಲ್ಲ ಅಂದರೆ ತಿನ್ನಲಿಲ್ಲ ಅಂತ ಅರ್ಥ ಅಲ್ಲ.

ಮುಟ್ಟದೆನೋಡು: ಕಲ್ಲಿಗೆ ಹುಣಸೆಹಣ್ಣು ಹಚ್ಚಿದವರು ಜರಡಿಯ ಪಾಠ ಹೇಳಬೇಡಿ.

ಬೀಸುಬಲೆ: ಇಬ್ಬರೂ ಸ್ವಲ್ಪ ನಿಲ್ಲಿ. ನಮ್ಮದು ಬೆಸ್ತರ ಮನೆ, ಅಪ್ಪ ಈಗಲೂ ಬಲೆ ಬೀಸುತ್ತಾರೆ. ಹೋದ ವರ್ಷ ಹೊಸ ಬಲೆಗೆ 6,200 ರೂಪಾಯಿ ಕೊಟ್ಟೆವು. ಮೊಸಳೆ ಹರಿದು ಹಾಕಿದ್ದಕ್ಕೆ ರಿಪೇರಿ ಮತ್ತೆ 900. ಬೀಸುಬಲೆಯ ಅಂಚಿಗೆ ಸಣ್ಣ ಸಣ್ಣ ಸೀಸದ ಗುಂಡು ಸುತ್ತಲೂ ಇರಬೇಕು. ಆಗ ಬಲೆ ಬಿಚ್ಚಿಕೊಂಡು ಬೀಳುತ್ತದೆ. 410 ಗ್ರಾಮಿನ ಕಲ್ಲು ಕಟ್ಟಿದರೆ ಬೀಸೋಕೇ ಆಗಲ್ಲ. ಹೊಳೆಗೆ ಅಡ್ಡ ಕಟ್ಟುವ ಬಲೆಗಾದರೆ ಸರಿ. ನಮ್ಮ ಅಜ್ಜ ಅದಕ್ಕೆ ಸುಮ್ನೆ ಹೊಳೆಗಲ್ಲನ್ನೇ ಹಗ್ಗದಲ್ಲಿ ಸುತ್ತಿ ಕಟ್ಟುತ್ತಿದ್ದರು. ಅಷ್ಟು ಕಷ್ಟಪಟ್ಟು ತೂತು ಕೊರೆಯುವ ಅಗತ್ಯ ಏನಿತ್ತು?

ಕಲ್ಲಿನಜಾಡು: ನಿಮ್ಮ ಅಜ್ಜನ ಹಗ್ಗ ಬೇರೆ, ಮೂರೂವರೆ ಸಾವಿರ ವರ್ಷದ ಹಿಂದಿನ ನಾರಿನ ಹುರಿ ಬೇರೆ.

ಬೀಸುಬಲೆ: ನಾರಿನ ಹುರಿ ನಮ್ಮ ಅಜ್ಜಿ ತೊಡೆಯ ಮೇಲೆ ಹೊಸೆಯುತ್ತಿದ್ದಳು. ನೀವು ಒಂದು ಸಲವಾದರೂ ಬಲೆ ಹಿಡಿದಿದ್ದೀರಾ?

ಹೊಳೆಸಾಲು: ಯಾರಿಗೆ ತೋರಿಸಲಿ ಅಂತ ಕೇಳಿದ್ದೆ...

ಮುಟ್ಟದೆನೋಡು: ತೊಳೆಯಬೇಡಿ. ಮಾರೋ ಯೋಚನೆ ಬೇಡ, ಪ್ರಾಚ್ಯವಸ್ತುಗಳ ಬಗ್ಗೆ 1972ರ ಕಾನೂನು ಇದೆ. ಸಿಕ್ಕ ಜಾಗಕ್ಕೆ ವಾಪಸ್ ಹೋಗಿ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಹೋಗಿ, ಆಮೇಲೆ ಎಲ್ಲಾ ನೀರೊಳಗೆ.

ಕಲ್ಲಿನಜಾಡು: ಬೀಸುಬಲೆಯವರೇ, ಭಾನುವಾರ ನಿಮ್ಮ ತಂದೆ ಮನೆಯಲ್ಲಿರುತ್ತಾರಾ? ನನ್ನ ಮೂರೂ ಕಲ್ಲು ತರುತ್ತೇನೆ. ಅವರೇ ಕೈಯಲ್ಲಿ ಹಿಡಿದು ಹೇಳಲಿ.