ನಶೆಯಿಂದ ಉಸಿರು ನಿಲ್ಲುವವರನ್ನು ಉಳಿಸಲು ಓಣಿಯ ಸಂಘಗಳನ್ನು ಒಟ್ಟುಗೂಡಿಸುವುದು ಹೇಗೆ?

ಪ್ರಶ್ನೆ (ಯುವಕ ಮಂಡಳದ ಸದಸ್ಯ, ಹಳೇ ಹುಬ್ಬಳ್ಳಿ):
ಮೇಡಂ, ನಮಸ್ಕಾರ. ನಮ್ಮ ಓಣಿಯ ಹುಡುಗನೊಬ್ಬ ನೋವಿನ ಮಾತ್ರೆ ಅರೆದು ಚುಚ್ಚಿಕೊಂಡು ಪಾಳುಮನೆಯಲ್ಲಿ ಬಿದ್ದ. ಜೊತೆಗಿದ್ದವರು ಪೊಲೀಸ್ ಕೇಸಿಗೆ ಹೆದರಿ ಓಡಿಹೋದರು. ಅವನು ಉಳಿಯಲಿಲ್ಲ. ಕೆನಡಾದಲ್ಲಿ ಜನರೇ ಡೇರೆ ಹಾಕಿ, ನಶೆ ಮಾಡುವವರನ್ನು ಕಣ್ಣೆದುರಿಗೆ ಇಟ್ಟುಕೊಂಡು ಉಳಿಸುತ್ತಾರಂತೆ. ಇಲ್ಲೂ ಅಂಥದ್ದು ಸಾಧ್ಯವೇ? ಸಂಘಗಳ ಹಿರಿಯರು ‘ಒಳ್ಳೆಯ ಕೆಲಸ’ ಎನ್ನುತ್ತಾರೆ, ಅದಕ್ಕೆ ಜಾಗ ಕೊಡುವ ಪತ್ರಕ್ಕೆ ಸಹಿ ಕೇಳಿದರೆ ಹಿಂದೆ ಸರಿಯುತ್ತಾರೆ.

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಧಾರವಾಡ):
ತಮ್ಮಾ, ನೀವು ಓದಿದ್ದು ನಿಜ. ವ್ಯಾಂಕೂವರ್‌ನಲ್ಲಿ 2003ರಿಂದಲೇ, ನಶೆ ಚುಚ್ಚಿಕೊಳ್ಳುವವರನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವ, ಅನುಮತಿ ಪಡೆದ ಒಂದು ಕೇಂದ್ರವಿತ್ತು. ಸಾವುಗಳು ಏರಿದಾಗ ಅದೊಂದೇ ಸಾಲದಾಯಿತು. 2016ರಲ್ಲಿ ಸ್ವಯಂಸೇವಕರು ಅಪ್ಪಣೆಗೆ ಕಾಯದೆ ಗಲ್ಲಿಯಲ್ಲಿ ಡೇರೆ ಹಾಕಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಪ್ರಾಂತ್ಯ ಸರ್ಕಾರ ಇಂಥ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತು.

ಆದರೆ ನಮ್ಮಲ್ಲಿ ಅದನ್ನೇ ಮಾಡಹೊರಟರೆ ಜಾಗ ಕೊಟ್ಟವರು ಸಿಕ್ಕಿಬೀಳುತ್ತಾರೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 25ನೇ ಕಲಮಿನ ಪ್ರಕಾರ, ಗೊತ್ತಿದ್ದೂ ತನ್ನ ಜಾಗದಲ್ಲಿ ಮಾದಕ ವಸ್ತುವಿನ ಅಪರಾಧಕ್ಕೆ ಅವಕಾಶ ಕೊಡುವುದೇ ಅಪರಾಧ. ನಿಮ್ಮ ಹಿರಿಯರು ಸಹಿಗೆ ಹಿಂಜರಿಯುವುದನ್ನು ಹೇಡಿತನ ಎನ್ನಬೇಡಿ. ನೀವು ಅವರ ಮುಂದೆ ಇಟ್ಟಿರುವ ಪತ್ರವೇ ತಪ್ಪು.

ಪತ್ರ ಬದಲಿಸಿ. ನಶೆ ಮಾಡಲು ಜಾಗ ಕೇಳಬೇಡಿ; ಬಿದ್ದವನ ಬಳಿ ಓಡಿಬರುವ ಜನರನ್ನು ಕೇಳಿ. ‘ಬೆಂಬಲ ಕೊಡಿ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆಟೋ ಚಾಲಕರ ಸಂಘವನ್ನು ಕೇಳಬೇಕಾದದ್ದು ಒಂದೇ: ರಾತ್ರಿ 108 ತಡವಾದರೆ ಬಿದ್ದವನನ್ನು ಆಸ್ಪತ್ರೆಗೆ ಒಯ್ಯುತ್ತೀರಾ? ಸ್ತ್ರೀಶಕ್ತಿ ಸಂಘದ ತಾಯಂದಿರಿಗೆ ಒಂದು ಮಧ್ಯಾಹ್ನದ ತರಬೇತಿ ಸಾಕು. ಗುಡಿ ಮತ್ತು ಮಸೀದಿಯ ಸಮಿತಿಗಳಿಂದ ಆ ತರಬೇತಿಗೆ ಸಭಾಭವನ ಕೇಳಿ. ಇಬ್ಬರನ್ನೂ ಒಂದೇ ದಿನ ಕೇಳಿ, ಯಾರೂ ‘ಅವರು ಮೊದಲು ಬರಲಿ’ ಎನ್ನಬಾರದು. ವೈದ್ಯರ ಸಂಘದಿಂದ ತರಬೇತಿ ಕೊಡಲು ಒಬ್ಬ ವೈದ್ಯರು ಬಂದರಾಯಿತು.

ಇನ್ನು, ನಶೆ ಬಿಟ್ಟವರನ್ನು, ಇನ್ನೂ ಬಿಡಲಾಗದವರನ್ನು ಸಭೆಗೆ ಕರೆಯದೆ ಇದನ್ನು ಆರಂಭಿಸಲೇಬೇಡಿ. ಯಾವ ಪಾಳುಮನೆ, ಯಾವ ಹೊತ್ತು, ಯಾರು ಒಬ್ಬನೇ ಇರುತ್ತಾನೆ ಎಂಬುದು ಅವರಿಗೆ ಗೊತ್ತು; ನನಗೂ ನಿಮಗೂ ಗೊತ್ತಿಲ್ಲ.

ಪ್ರಶ್ನೆ (ಔಷಧಿ ಅಂಗಡಿಯವರು, ಗದಗ):
ನಶೆಯಿಂದ ನಿಂತ ಉಸಿರನ್ನು ಮರಳಿಸುವ ಔಷಧಿ ನಾಲೊಕ್ಸೋನ್ ಅಂಗಡಿಯಲ್ಲಿ ಇಟ್ಟರೆ ಸಾಕೇ?

ಉತ್ತರ:
ಇಡಿ, ಆದರೆ ಅದು ವೈದ್ಯರ ಚೀಟಿಯ ಮೇಲೆ ಕೊಡುವ ಚುಚ್ಚುಮದ್ದು. ಹೆರಾಯಿನ್, ಟ್ರಮಾಡಾಲ್‌ನಂಥ ಅಫೀಮು ಗುಂಪಿನ ವಸ್ತುಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಸಾರಾಯಿಗೆ, ನಿದ್ರೆಯ ಮಾತ್ರೆಗೆ ಅಲ್ಲ. ಅದರ ಪ್ರಭಾವ 30ರಿಂದ 90 ನಿಮಿಷ ಅಷ್ಟೇ. ಎದ್ದು ಕುಳಿತವನು ಮತ್ತೆ ಮಂಪರಿಗೆ ಜಾರಬಹುದು, ಆದ್ದರಿಂದ ಆಸ್ಪತ್ರೆ ತಪ್ಪಿಸಬೇಡಿ.

ಪ್ರಶ್ನೆ (ತಾಯಿ, ಹಾವೇರಿ ಜಿಲ್ಲೆ):
ಅಕ್ಕಾ, ನನ್ನ ಮಗನೂ ಮಾತ್ರೆ ತೆಗೆದುಕೊಳ್ಳುತ್ತಾನೆ. ಮನೆಯಲ್ಲೇ ಹಾಗೆ ಬಿದ್ದರೆ ನಾನೊಬ್ಬಳೇ ಏನು ಮಾಡಲಿ?

ಉತ್ತರ:
ತಂಗೀ, ಗೊರಕೆಯಂಥ ಸದ್ದು, ನೀಲಿ ತುಟಿ, ಕಣ್ಣಪಾಪೆ ಸೂಜಿಮೊನೆಯಷ್ಟು, ಅಲುಗಾಡಿಸಿದರೂ ಎಚ್ಚರವಿಲ್ಲ: ಇದನ್ನು ನಿದ್ರೆ ಎಂದುಕೊಂಡು ಹೊದಿಕೆ ಹೊದಿಸಬೇಡ. ತಕ್ಷಣ 108ಕ್ಕೆ ಕರೆ ಮಾಡಿ ‘ಉಸಿರಾಡುತ್ತಿಲ್ಲ’ ಎಂದು ಹೇಳು. ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬಾಯಿಗೆ ನೀರು ಅಥವಾ ಮಜ್ಜಿಗೆ ಹಾಕುವುದು ಬೇಡ. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದೈದು ಸೆಕೆಂಡಿಗೆ ಒಮ್ಮೆ ಅವನ ಬಾಯಿಗೆ ನಿನ್ನ ಉಸಿರು ಊದು. ಎದೆ ಮೇಲೇಳುವುದು ಕಾಣಬೇಕು. ತಾನಾಗಿ ಉಸಿರಾಡತೊಡಗಿದರೆ ಎಡಮಗ್ಗುಲಿಗೆ ಹೊರಳಿಸಿ ಬಳಿಯಲ್ಲೇ ಇರು.

ಕೇಸಿನ ಭಯವಿದ್ದರೆ ಕೇಳು: ವ್ಯಸನಿಯೊಬ್ಬ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದರೆ, ಸೇವನೆಯ ಮತ್ತು ಅಲ್ಪ ಪ್ರಮಾಣದ ಪ್ರಕರಣದಿಂದ ಅದೇ ಮಾದಕ ವಸ್ತು ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಬಾ. ಅದಕ್ಕೂ ಮೊದಲು ಮಾತನಾಡಬೇಕೆನಿಸಿದರೆ 14446 ವ್ಯಸನಮುಕ್ತಿ ಸಹಾಯವಾಣಿ ಇದೆ.

ಪ್ರಶ್ನೆ (ಹಳೇ ಹುಬ್ಬಳ್ಳಿಯವರೇ ಮತ್ತೆ):
ನಮ್ಮ ಮಂಡಳದ ಅಧ್ಯಕ್ಷರು ‘ಇದರಿಂದ ಹುಡುಗರಿಗೆ ಧೈರ್ಯ ಬಂದು ಇನ್ನೂ ಕೆಡುತ್ತಾರೆ’ ಎನ್ನುತ್ತಾರೆ.

ಉತ್ತರ:
ಅವರ ಕಳವಳವನ್ನು ತಳ್ಳಿಹಾಕಬೇಡಿ, ಆದರೆ ಲೆಕ್ಕವನ್ನೂ ಮುಂದಿಡಿ. ವ್ಯಾಂಕೂವರ್‌ನ ಆ ಮೊದಲ ಕೇಂದ್ರದ ಸುತ್ತ 500 ಮೀಟರ್ ಒಳಗೆ ಇಂಥ ಸಾವುಗಳು ಶೇಕಡ 35ರಷ್ಟು ಇಳಿದವೆಂದು 2011ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಸತ್ತವನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಲಾಗುವುದಿಲ್ಲ ಎಂಬುದು ನನ್ನ ನೇರ ಮಾತು. ಅಧ್ಯಕ್ಷರನ್ನೇ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿ, ಬೊಂಬೆಗೆ ಉಸಿರು ಊದಲು ಮೊದಲು ಅವರನ್ನೇ ಕರೆಯಿರಿ. ಹೊಸ ಪತ್ರದ ಕರಡನ್ನು ಇಲ್ಲೇ ಹಾಕಿ, ತಿದ್ದಿಕೊಡುತ್ತೇನೆ.