ಶಿಕ್ಷಕರ ಧ್ವನಿ ತಪಾಸಣೆಗೆ ಪ್ರಶ್ನಾವಳಿಯೊಂದೇ ಸಾಕೇ?

ಪ್ರಶ್ನೆ – ವಾಕ್ ಮತ್ತು ಶ್ರವಣ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಸುಮಾರು 200 ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಧ್ವನಿಯ ತೊಂದರೆ ಇರುವವರನ್ನು ಗುರುತಿಸಬೇಕೆಂದಿದ್ದೇನೆ. ಎಲ್ಲರಿಗೂ ಲ್ಯಾರಿಂಗೋಸ್ಕೋಪಿ (ಧ್ವನಿಪೆಟ್ಟಿಗೆಯನ್ನು ನೇರವಾಗಿ ನೋಡುವ ಪರೀಕ್ಷೆ) ಮಾಡಿಸುವುದು ಆಗದ ಮಾತು. ಆದ್ದರಿಂದ ವಾಯ್ಸ್ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎಂಬ ಧ್ವನಿ ಪ್ರಶ್ನಾವಳಿಯ 10 ಪ್ರಶ್ನೆಗಳ ಕಿರುರೂಪವಾದ ವಿಎಚ್‌ಐ-10ನ್ನು ಕನ್ನಡದಲ್ಲಿ ತುಂಬಿಸಿಕೊಂಡು, 40ಕ್ಕೆ 11ಕ್ಕಿಂತ ಹೆಚ್ಚು ಅಂಕ ಬಂದವರನ್ನು ಮಾತ್ರ ಇಎನ್‌ಟಿ ವೈದ್ಯರ ಬಳಿಗೆ ಕಳುಹಿಸುವ ಯೋಚನೆಯಿದೆ. ಆದರೆ ಮೊದಲ ಸುತ್ತಿನಲ್ಲಿ ಕೆಲವರಿಂದ ತುಂಬಿಸಿದಾಗ, ಮಾತಾಡುತ್ತಿರುವಾಗಲೇ ಸ್ವರ ಒಡೆಯುತ್ತಿದ್ದ ಶಿಕ್ಷಕಿಯೊಬ್ಬರಿಗೆ ಬಂದದ್ದು ಕೇವಲ 6 ಅಂಕ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉತ್ತರ – ವಾಕ್ ಚಿಕಿತ್ಸಕ

ಆ 6 ಅಂಕ ಸುಳ್ಳಲ್ಲ. ನೀವು ಕೇಳಿದ್ದಕ್ಕೂ ಅದು ಹೇಳುವುದಕ್ಕೂ ವ್ಯತ್ಯಾಸವಿದೆ. 1997ರಲ್ಲಿ 30 ಪ್ರಶ್ನೆಗಳೊಂದಿಗೆ ಬಂದ ಮೂಲ ಪ್ರಶ್ನಾವಳಿಯ ಉದ್ದೇಶ, ಧ್ವನಿಯ ತೊಂದರೆಯಿಂದ ವ್ಯಕ್ತಿಯ ಬದುಕಿಗೆ ಎಷ್ಟು ಅಡಚಣೆಯಾಗುತ್ತಿದೆ ಎಂಬುದನ್ನು ಅವರ ಬಾಯಿಂದಲೇ ತಿಳಿಯುವುದಾಗಿತ್ತು. ಧ್ವನಿತಂತುಗಳ ಮೇಲೆ ಗಂಟು ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. 11ರ ಗೆರೆಯೂ ಧ್ವನಿಯ ದೂರಿಲ್ಲದವರ ಅಂಕಗಳನ್ನು ಆಧರಿಸಿ ಎಳೆದದ್ದು. ತರಗತಿಯಲ್ಲಿ ದಿನವಿಡೀ ಕೂಗಿ ಪಾಠ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದದ್ದಲ್ಲ.

ಪ್ರಶ್ನೆಗಳನ್ನು ಒಂದೊಂದಾಗಿ ನೋಡಿ. ಧ್ವನಿಯ ತೊಂದರೆಯಿಂದ ಆದಾಯ ಕಡಿಮೆಯಾಗಿದೆಯೇ ಎಂದು ಒಂದು ಪ್ರಶ್ನೆ ಕೇಳುತ್ತದೆ. ತಿಂಗಳ ಸಂಬಳ ಬರುವ ಶಿಕ್ಷಕಿ, ಗಂಟಲು ಪೂರ್ತಿ ಕಟ್ಟಿದ್ದರೂ, ಅಲ್ಲಿ ಸೊನ್ನೆಯನ್ನೇ ಬರೆಯುತ್ತಾರೆ. ಇನ್ನೊಂದು ಪ್ರಶ್ನೆಯ ‘ಹ್ಯಾಂಡಿಕ್ಯಾಪ್’ ಎಂಬ ಪದವನ್ನು ‘ಅಂಗವೈಕಲ್ಯ’ ಎಂದು ಅನುವಾದಿಸಿದ್ದರೆ ಅದನ್ನು ತಮಗೆ ಅನ್ವಯಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ.

ಲೆಕ್ಕವನ್ನೂ ಹಾಕಿ ನೋಡಿ. 200 ಜನರಲ್ಲಿ 20 ಮಂದಿಗೆ ನಿಜವಾಗಿ ತೊಂದರೆ ಇದೆ, ಪ್ರಶ್ನಾವಳಿ ತೊಂದರೆ ಇರುವವರಲ್ಲಿ ಶೇ. 80 ಮಂದಿಯನ್ನೂ ಇಲ್ಲದವರಲ್ಲಿ ಶೇ. 80 ಮಂದಿಯನ್ನೂ ಸರಿಯಾಗಿ ಗುರುತಿಸುತ್ತದೆ ಎಂದಿಟ್ಟುಕೊಳ್ಳೋಣ. ಆಗ 16 ಮಂದಿ ಸಿಗುತ್ತಾರೆ, 4 ಮಂದಿ ಕೈಬಿಟ್ಟು ಹೋಗುತ್ತಾರೆ, ತೊಂದರೆಯಿಲ್ಲದ 36 ಮಂದಿಯೂ ಪಟ್ಟಿ ಸೇರುತ್ತಾರೆ. ಒಟ್ಟು 52 ಜನರನ್ನು ಕಳುಹಿಸಿದರೆ ಮೂರರಲ್ಲಿ ಒಬ್ಬರಿಗೂ ತೊಂದರೆ ಇರುವುದಿಲ್ಲ. ಆ 36 ಮಂದಿಯ ಓಡಾಟಕ್ಕಿಂತ ಕೈಬಿಟ್ಟ 4 ಮಂದಿಯೇ ನನ್ನನ್ನು ಹೆಚ್ಚು ಕಾಡುತ್ತಾರೆ.

ಉತ್ತರ – ಪ್ರಾಥಮಿಕ ಶಾಲಾ ಶಿಕ್ಷಕಿ

ಅಂಥದೇ ಹಾಳೆಯನ್ನು ಒಂದು ಶಿಬಿರದಲ್ಲಿ ನಾನೂ ತುಂಬಿದ್ದೆ. ಜನರಿಗೆ ನಿಮ್ಮ ಧ್ವನಿ ಕೇಳಿಸುವುದು ಕಷ್ಟವಾಗುತ್ತದೆಯೇ ಎಂಬಲ್ಲಿ ‘ಎಂದೂ ಇಲ್ಲ’ ಎಂದು ಗುರುತು ಹಾಕಿದೆ. ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು, ಏಕೆಂದರೆ ಹಾಜರಿ ಕರೆಯುವ ಕೆಲಸವನ್ನು ಗಟ್ಟಿ ದನಿಯ ಹುಡುಗಿಯೊಬ್ಬಳಿಗೆ ಒಪ್ಪಿಸಿ ಎರಡು ವರ್ಷವಾಗಿತ್ತು, ಗದ್ದಲವಾದರೆ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ, ನಲಿ-ಕಲಿ ಹಾಡುಗಳನ್ನು ಮಕ್ಕಳಿಂದಲೇ ಹೇಳಿಸುತ್ತಿದ್ದೆ. ಸಂಜೆ ಮನೆಯಲ್ಲಿ ಫೋನ್ ಬಂದರೆ ತೆಗೆಯುತ್ತಿರಲಿಲ್ಲ. ಟೀಚರ್ ಗಂಟಲು ಇರುವುದೇ ಹೀಗೆ ಎಂದುಕೊಂಡಿದ್ದೆ. ಪ್ರಶ್ನಾವಳಿಯ ಜೊತೆಗೆ ‘ಧ್ವನಿ ಉಳಿಸಿಕೊಳ್ಳಲು ನೀವು ಏನೇನು ಬಿಟ್ಟಿದ್ದೀರಿ’ ಎಂದು ಯಾರಾದರೂ ಕೇಳಿದ್ದರೆ ಅಂದೇ ಎಲ್ಲವನ್ನೂ ಹೇಳುತ್ತಿದ್ದೆ.

ಉತ್ತರ – ಇಎನ್‌ಟಿ ವೈದ್ಯೆ

ಅಂಕ ಎಷ್ಟೇ ಇರಲಿ, ದನಿ ಗೊಗ್ಗರಾಗಿ ನಾಲ್ಕು ವಾರ ಕಳೆದಿದ್ದರೆ ಧ್ವನಿಪೆಟ್ಟಿಗೆಯನ್ನು ನೋಡಲೇಬೇಕು. ಧೂಮಪಾನದ ಅಭ್ಯಾಸ, ಕುತ್ತಿಗೆಯಲ್ಲಿ ಗಡ್ಡೆ, ಕೆಮ್ಮಿನಲ್ಲಿ ರಕ್ತ, ಉಸಿರಾಟದ ತೊಂದರೆ, ಅಥವಾ ಕುತ್ತಿಗೆಯ ಶಸ್ತ್ರಚಿಕಿತ್ಸೆಯ ನಂತರ ಬದಲಾದ ಧ್ವನಿ ಇದ್ದರೆ ನಾಲ್ಕು ವಾರವೂ ಕಾಯಬಾರದು. ಇವು ವಿಎಚ್‌ಐ-10ರಲ್ಲಿ ಇಲ್ಲ. ಬೇರೆ ಹಾಳೆಯಲ್ಲಿ ಕೇಳಿ. ಒಂದಕ್ಕೆ ಹೌದು ಎಂದರೂ ನೇರವಾಗಿ ಕಳುಹಿಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ವಿಎಚ್‌ಐ-10ರ ಪ್ರಶ್ನೆಗಳನ್ನು ಬದಲಿಸದೆ ಉಳಿಸಿಕೊಂಡು, ಎರಡನೆಯ ಹಾಳೆಯಲ್ಲಿ ವೈದ್ಯರು ಹೇಳಿದ ಲಕ್ಷಣಗಳನ್ನೂ ಮೇಡಂ ಹೇಳಿದ ಪ್ರಶ್ನೆಯನ್ನೂ ಸೇರಿಸುತ್ತೇನೆ. ಪ್ರತಿಯೊಬ್ಬರಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ ರೆಕಾರ್ಡ್ ಮಾಡಿಕೊಂಡು, ಅಂಕ ನೋಡದೆ ಇಬ್ಬರು ವಾಕ್ ಚಿಕಿತ್ಸಕರಿಂದ ಕೇಳಿಸುತ್ತೇನೆ. ಆ 6 ಅಂಕದ ಶಿಕ್ಷಕಿಗೆ ಇಂದೇ ಫೋನ್ ಮಾಡಿದೆ. ದನಿ ಹೀಗಾಗಿ ದಸರಾ ರಜೆಯಿಂದ ಈಚೆಗೆ ಐದು ತಿಂಗಳಾಯಿತಂತೆ. ಶನಿವಾರ ಮಧ್ಯಾಹ್ನ ಪರೀಕ್ಷೆಗೆ ಬರಲು ಒಪ್ಪಿದ್ದಾರೆ.